ಮೂರು ಗಂಟೆ ಬಂಡೆ

ಸೂ ಸೇಂಟ್ ಮರೀ
ಎಲೆ ಉದುರುವ ತಿಂಗಳು, ೧೯೮೮

ಮಗಳೇ ಲವೋನ್,

ಈ ಕಥೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿ ಮದ್ಲೀನ್. ನನಗಾಗ ಏಳೋ ಎಂಟೋ ವರ್ಷ. ಹಿಮ ಬಾಗಿಲಿಗೆ ಅಡ್ಡ ಮಲಗಿ ಯಾರೂ ಹೊರಗೆ ಕಾಲಿಡಲಾಗದ ಒಂದು ಮಧ್ಯಾಹ್ನ ಹೇಳಿದಳು. ಅವಳ ಮದುವೆಯ ಹೊಸತರಲ್ಲಿ ಸರ್ಕಾರದ ಏಜೆಂಟನೊಬ್ಬ ನಮ್ಮ ಮಾಂಗ್ ಕೊಲ್ಲಿಗೆ ಬಂದನಂತೆ. ನಮ್ಮ ಅನಿಶಿನಾಬೆ ಮಾತು ನಾಲ್ಕಕ್ಷರ ಕಲಿತಿದ್ದ, ಅದನ್ನು ಎಲ್ಲರೆದುರು ಆಡಿ ತೋರಿಸುವ ಚಪಲ ಬೇರೆ. ಚಳಿ ಹಿಂದೆಗೆಯುತ್ತಿದ್ದ ಒಂದು ಬೆಳಗ್ಗೆ ಅಜ್ಜನನ್ನು ಕರೆದು, "ಇವತ್ತು ಹಿಟ್ಟು ಹಂಚ್ತೀವಿ, ಮೂರಕ್ಕೆ ಬಾ" ಅಂದ. ಅಜ್ಜ ಚೀಲ ಹೆಗಲಿಗೇರಿಸಿ ಹೊರಟ. ಮನೆಗೆ ಬಂದದ್ದು ಹೊತ್ತು ಮುಳುಗಿದ ಮೇಲೆ. ಚೀಲದಲ್ಲಿ ಹಿಟ್ಟಿರಲಿಲ್ಲ.

ಮುಂದಿನದು ಹಿಮ ಬಿದ್ದ ಮೇಲೆ. ನೆಲ ಬರಿದಾಗಿರುವಾಗ ಕಥೆ ಹೇಳಿದರೆ ಕಪ್ಪೆ ಬಂದು ಹಾಸಿಗೆಯೊಳಗೆ ಸೇರುತ್ತದೆ. ಇದು ಆ ಜಾತಿಯ ದೊಡ್ಡ ಕಥೆಯಲ್ಲ, ಮನೆಮಾತು ಅಷ್ಟೆ. ಆದರೂ ಹಾಸಿಗೆ ನನ್ನದಲ್ಲ, ಶಾರ್ಲೀನಳದು. ಮಗಳ ಮನೆಯಲ್ಲಿ ಕಪ್ಪೆ ಬಿಟ್ಟವಳು ಅನ್ನಿಸಿಕೊಳ್ಳುವುದೇಕೆ?

ಸೊಂಟದ ಮೂಳೆ ಕೂಡುತ್ತಿದೆಯಂತೆ. ಚಳಿಗಾಲ ಪೂರ್ತಿ ಇಲ್ಲೇ ಇರಬೇಕು ಅಂದರು ಡಾಕ್ಟರು. ನನ್ನ ಸೊಂಟದ ಚಿಂತೆ ನನಗಿಲ್ಲ, ರೇಡಿಯೋದ ಆ ಕುರ್ಚಿಯ ಚಿಂತೆ. ಬೆಳಗ್ಗೆ ಎಂಟರಿಂದ ಪ್ರತಿ ಗಂಟೆಗೂ ನಮ್ಮ ಮಾತಿನಲ್ಲಿ ಹೊತ್ತು ಹೇಳುತ್ತ ಬಂದವಳು ನಾನು. ರೇಡಿಯೋ ಯಜಮಾನ ಡ್ವೈಟ್ ಇಲ್ಲಿಗೆ ಫೋನ್ ಮಾಡಿದ್ದ. ಹೊಸ ವರ್ಷದವರೆಗೆ ಕಾಯುತ್ತಾನಂತೆ. ಅಷ್ಟರಲ್ಲಿ ಸರಿಯಾಗಿ ಹೇಳುವವರು ಸಿಗದಿದ್ದರೆ ಪೇಟೆಯಿಂದ ಇಂಗ್ಲಿಷಿನ ಟೇಪ್ ತರಿಸುತ್ತಾನಂತೆ. "ಬೇಕಾದ್ರೆ ನೀವೇ ಒಂದ್ಸಲ ಎಲ್ಲಾ ಗಂಟೆನೂ ಹೇಳಿ ರೆಕಾರ್ಡ್ ಮಾಡ್ಕೊಡಿ" ಅಂದ. ಆಗುವುದಿಲ್ಲ ಅಂದೆ. ಹೊತ್ತು ಅನ್ನುವುದನ್ನು ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಟೇಪಿಗೆ ಕಿಟಕಿಯಿಂದಾಚೆ ಏನಾಗುತ್ತಿದೆ ಅಂತ ಗೊತ್ತಿರುತ್ತದೆಯೇ?

ಹೇಗೂ ನೀನು ಅಲ್ಲೇ ಕೂತು ಹಾಡಿನ ತಟ್ಟೆ ಬದಲಾಯಿಸುತ್ತೀ. ಹೊತ್ತು ಹೇಳುವ ಕೆಲಸವೂ ಇನ್ನು ನಿನ್ನದೇ. ಮೊದಲು ಪ್ರಶ್ನೆ ಕಲಿ: "ಆನೀನ್ ಎಂದಸೊ-ದಿಬಇಗನೆಕ್?" ಎಷ್ಟು ಅಳತೆ ಆಗಿದೆ ಅಂತ ಅರ್ಥ. ಸೂರ್ಯನೂ ಗೀಜಿಸ್, ಚಂದ್ರನೂ ಗೀಜಿಸ್, ತಿಂಗಳೂ ಗೀಜಿಸ್. ಗಡಿಯಾರವೆಂದರೆ ಆ ಗೀಜಿಸ್ಸನ್ನು ಅಳೆಯುವ ಸಾಮಾನು. ಅಳೆಯುವುದು ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಇಲ್ಲಿಯ ಗಡಿಯಾರಗಳು ನಮ್ಮೂರಿಗಿಂತ ಒಂದು ಗಂಟೆ ಮುಂದೆ ಓಡುತ್ತವೆ. ಓಡಲಿ. ನನ್ನ ಕೈಗಡಿಯಾರ ನಮ್ಮೂರಿನ ಹೊತ್ತನ್ನೇ ತೋರಿಸುತ್ತದೆ. ಫೋನಿನಲ್ಲಿ ಕಲಿಸು ಅನ್ನಬೇಡ. ಫೋನು ನನಗೆ ಆಗಿಬರುವುದಿಲ್ಲ.

ನಿನ್ನ ದೊಡ್ಡಮ್ಮ
ಓಡಿಲಿಯಾ


ಮಾಂಗ್ ಕೊಲ್ಲಿ
ನವೆಂಬರ್ ೭, ೧೯೮೮

ದೊಡ್ಡಮ್ಮ,

ಊರಿಗೆಲ್ಲ ರೇಡಿಯೋದಲ್ಲಿ ಮಾತಾಡಿದವಳಿಗೆ ಫೋನು ಆಗುವುದಿಲ್ಲವಂತೆ! ಇರಲಿ, ಕಾಗದವೇ ಆಗಲಿ.

ನೀನು ಆರಿಸಿಕೊಂಡ ಶಿಷ್ಯೆ ಎಂಥವಳು ಅಂತ ಮರೆತೆಯಾ? ನಿನ್ನ ತಂಗಿ ನನ್ನಮ್ಮ ನಮ್ಮ ಹತ್ತಿರ ಒಂದು ದಿನವೂ ಆ ಮಾತು ಆಡಲಿಲ್ಲ. ನಾಯಿಯ ಹತ್ತಿರ ಆಡುತ್ತಿದ್ದಳು. ಹಾಗಾಗಿ ನನಗೆ ಬರುವುದು "ಇಲ್ಲಿ ಬಾ", "ಕೂತ್ಕೋ", "ಅದನ್ನು ಬಾಯಿಂದ ಬಿಡು" ಇಷ್ಟೇ. ಇದರಲ್ಲಿ ಹೊತ್ತು ಹೇಗೆ ಹೇಳಲಿ?

ಆದರೂ ನಿನ್ನೆ ಧೈರ್ಯ ಮಾಡಿ ಮಧ್ಯಾಹ್ನ ಹನ್ನೆರಡಕ್ಕೆ "ನಾವಕ್ವೆ" ಅಂದೆ. ಅದೊಂದೇ ಪದ, ಅಳತೆ ಗಿಳತೆ ಏನೂ ಬೇಡ, ಹೊತ್ತು ನೆತ್ತಿಗೆ ಬಂತು ಅಂದರೆ ಮುಗಿಯಿತು. ಕೂಡಲೇ ಫೋನ್ ಹೊಡೆದುಕೊಂಡಿತು. ಯಾರು ಹೇಳು? ಆಲ್ಫಿ.

"ಏನಮ್ಮಾ ಲವೋನು, ನಾವಕ್ವೆ ಅಂದ್ಯಲ್ಲ. ನನ್ನ ಹೊಟ್ಟೆ ಇನ್ನೂ ಆಗಿಲ್ಲ ಅಂತಿದೆ."

"ನಿಮ್ಮ ಹೊಟ್ಟೆ ಹಿಂದೆ ಬಿದ್ದಿದೆ ಆಲ್ಫಿ ಮಾಮ, ಕೀಲಿ ಕೊಡಿ" ಅಂದೆ.

ಆಮೇಲೆ ನೋಡಿದರೆ ಸ್ಟುಡಿಯೋದ ಗೋಡೆ ಗಡಿಯಾರವೇ ಮುಂದೆ ಓಡುತ್ತಿತ್ತು. ಅವರ ಹೊಟ್ಟೆಯೇ ಸರಿ. "ಮಾಮ, ನಿಮಗೆ ಮಾತು ಬರುತ್ತಲ್ಲ, ನೀವೇ ಬಂದು ಹೇಳಿ" ಅಂತ ಕೇಳಿದ್ದಕ್ಕೆ, "ನಂಗೆಲ್ಲಿ ಬರುತ್ತೆ? ಬೋರ್ಡಿಂಗ್ ಸ್ಕೂಲಲ್ಲಿ ಆ ಮಾತಾಡಿದ್ರೆ ಏಟು ಬೀಳ್ತಿತ್ತು, ಅಲ್ಲೇ ಮರ್ತ್ಹೋಯ್ತು" ಅಂದು ಫೋನಿಟ್ಟರು. ವರ್ನಾ ಅತ್ತೆಯೂ ಹಾಗೇ ಅನ್ನುತ್ತಾಳೆ. ಊರಿನ ಮುದುಕರೆಲ್ಲ ಮರೆತಿದ್ದಾರಂತೆ. ಹಾಗಾದರೆ ಇಷ್ಟು ವರ್ಷ ನೀನು ಹೊತ್ತು ಹೇಳಿದ್ದು ಯಾರಿಗೆ?

ಡ್ವೈಟ್ ಕೇಳುವುದೂ ಇದನ್ನೇ. ಬೇಗ ಮುಂದಿನ ಪಾಠ ಕಳಿಸು.

ಲವೋನ್


ಸೂ
ನೀರು ಹೆಪ್ಪುಗಟ್ಟುವ ತಿಂಗಳು

ಮಗಳೇ,

ಕಾಗದ ಓದಿ ನಕ್ಕೆ. ನಕ್ಕರೆ ಸೊಂಟ ನೋಯುತ್ತದೆ, ಸ್ವಲ್ಪ ನೋಡಿಕೊಂಡು ಬರೆ.

ಯಾರಿಗೆ ಹೇಳಿದೆ ಅಂತ ಕೇಳಿದೆಯಲ್ಲ, ನಾನದನ್ನು ಯಾವತ್ತೂ ಯೋಚಿಸಿಲ್ಲ. ಅಡುಗೆ ಮಾಡುವಾಗ ಯಾರಿಗೆ ಅಂತ ಯೋಚಿಸುತ್ತೇವಾ? ಹಸಿದವರು ಬರುತ್ತಾರೆ.

ಈಗ ಎಣಿಕೆ. ಒಂದರಿಂದ ಹನ್ನೆರಡರ ತನಕ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ನಾಲಗೆಗೆ ಅಂಟುವ ತನಕ ಪಾತ್ರೆ ತೊಳೆಯುತ್ತ ಹೇಳಿಕೋ. ಎಣಿಕೆಯ ಹಿಂದೆ "ದಿಬಇಗನ್" ಸೇರಿಸು, ಅಂದರೆ ಅಳತೆ. ಮೂರಳತೆ ಅನ್ನಬೇಕೋ, "ನಿಸೊ-ದಿಬಇಗನ್". ಇದಕ್ಕೊಂದು ಬಾಲ ಇದೆ. ಆ ಬಾಲದ ವಿಷಯ ಬಹಳ ಮುಖ್ಯ, ಅದನ್ನು ಬಿಟ್ಟೆಯೋ

ಇರು, ಹ್ಯೂಬರ್ಟ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ವ್ಯಾಯಾಮಕ್ಕೆ ಹೊತ್ತಾಯಿತಂತೆ. ಹ್ಯೂಬರ್ಟ್ ಅಂದರೆ ನನ್ನ ಜೊತೆ ವ್ಯಾಯಾಮ ಮಾಡುವ ಒಬ್ಬ ಮುದುಕ. ಅವನದು ಮಂಡಿ. ಮೂಡಣದ ಮ್ಯಾನಿಟೂಲಿನ್ ದ್ವೀಪದವನು. ಆ ಕಡೆಯವರು ಅರ್ಧ ಅಕ್ಷರ ನುಂಗಿಬಿಡುತ್ತಾರೆ. ನಾವು ಚಪ್ಪಲಿಗೆ "ಮಕಿಜಿನ್" ಅಂದರೆ ಇವನು "ಮ್ಕಿಜಿನ್" ಅನ್ನುತ್ತಾನೆ. "ಹಲ್ಲಿಲ್ವಾ ನಿಂಗೆ?" ಅಂತ ಕೇಳಿದೆ. "ಹಲ್ಲಿದೆ, ಅದಕ್ಕೇ ಅಗಿದು ತಿನ್ನೋದು" ಅಂದ. ಇಂಥವರ ಜೊತೆ ಕಾಲ ಹಾಕಬೇಕಾಗಿದೆ, ನೋಡು ನನ್ನ ಹಣೆಬರಹ.

ಬಾಲದ ವಿಷಯ ಮುಂದಿನ ಕಾಗದದಲ್ಲಿ.

ದೊಡ್ಡಮ್ಮ


ಮಾಂಗ್ ಕೊಲ್ಲಿ
ಡಿಸೆಂಬರ್ ೯, ೧೯೮೮

ದೊಡ್ಡಮ್ಮ,

ಇಲ್ಲಿ ಎಲ್ಲ ಚೆನ್ನಾಗಿದೆ. ನಾನು ದಿನಾ ಹೊತ್ತು ಹೇಳುತ್ತಿದ್ದೇನೆ. ಜನಕ್ಕೆ ತುಂಬ ಸಂತೋಷ. ಹಿರಿಯರ ಚಳಿಗಾಲದ ಊಟವೂ ಮುಗಿಯಿತು. ಕಾಡಕ್ಕಿ ಸೂಪು, ಕರಿದ ರೊಟ್ಟಿ, ಬಿಳಿ ಮೀನು, ಎಲ್ಲ ಇತ್ತು. ಸೂಪು ಸ್ವಲ್ಪ ಆರಿತ್ತು ಅಂತ ಕೆಲವರು ಅಂದರು, ಅಷ್ಟೆ.

ಹಿಮ ಮೊಣಕಾಲಿನವರೆಗೆ ಬಿದ್ದಿದೆ.

ಆ ಬಾಲದ ವಿಷಯ ದಯವಿಟ್ಟು ಬೇಗ ಬರೆ.

ಲವೋನ್


ಸೂ
ಚಿಕ್ಕ ದೇವರ ತಿಂಗಳು

ಲವೋನ್,

ಎರಡು ಪುಟಕ್ಕೆ ಕಡಿಮೆ ಬರೆಯದವಳು ಅರ್ಧ ಪುಟ ಬರೆದು "ಜನಕ್ಕೆ ಸಂತೋಷ" ಅಂದರೆ ಏನೋ ಬೆಂದು ಸೀದಿದೆ ಅಂತ ನನಗೆ ಗೊತ್ತಾಗುವುದಿಲ್ಲವೇ? ಅದೇ ದಿನದ ಅಂಚೆಯಲ್ಲಿ ವರ್ನಾ ಕಳಿಸಿದ ಕ್ರಿಸ್‌ಮಸ್ ಕಾರ್ಡೂ ಬಂತು. ಒಂದೇ ಸಾಲು ಬರೆದಿದ್ದಾಳೆ: "ನಿನ್ನ ಮಗಳು ನಮ್ಮನ್ನು ಊಟಕ್ಕೆ ಮೂರು ಮೈಲಿ ಕಳಿಸಿದಳು." ಏನೇ ಅದು? ಪೂರ್ತಿ ಬರೆ. ಹೆದರಬೇಡ.

ತಪ್ಪಿನಲ್ಲಿ ಪಾಲು ನನ್ನದೂ ಇರಬೇಕು. ಬಾಲ ಅಂದರೆ "ಎಕ್". "ನಿಸೊ-ದಿಬಇಗನೆಕ್" ಅಂದರೆ ಮೂರಳತೆ ಆಯಿತು, ಮೂರು ಗಂಟೆ. ಎಕ್ ಬಿಟ್ಟು "ನಿಸೊ-ದಿಬಇಗನ್" ಅಂದರೆ ಬರೇ ಮೂರಳತೆ. ಏನನ್ನು ಅಳೆದೆ ಅಂತ ಯಾರಿಗೆ ಗೊತ್ತು? ಮೂರು ತಾಸಿನ ಕೆಲಸವಿರಬಹುದು, ಮೂರು ಎಕರೆ ಜಾಗವಿರಬಹುದು, ಮೂರು ಮೈಲಿ ದಾರಿಯೂ ಇರಬಹುದು. ಬಾಲವಿಲ್ಲದ ನಾಯಿ ಯಾವ ಕಡೆ ಮುಖ ಮಾಡಿದೆ ಅಂತ ದೂರದಿಂದ ತಿಳಿಯುತ್ತದೆಯೇ? ಹಾಗೆ.

ಇಲ್ಲಿ ಶುಕ್ರವಾರ ಶುಕ್ರವಾರ ನಿಶ್ನಾಬೆಗಳೆಲ್ಲ ಸೇರಿ ಇಸ್ಪೀಟಾಡುತ್ತೇವೆ. ನಾನು ಗೆಲ್ಲುತ್ತೇನೆ. ನಡಿಗೆ ಸುಧಾರಿಸಿದೆ. ಹೊರಗಿನ ಕಾಫಿ ಅಂಗಡಿ ತನಕ ಹೋಗಿ ಬರುತ್ತೇನೆ, ಬೆಳಗ್ಗೆ ಒಂಬತ್ತಕ್ಕೆ. ದಿನಾ ಲೆಕ್ಕ ತಪ್ಪಿ ತಡವಾಗುತ್ತಿತ್ತು. ಅದಕ್ಕೆ ಕೈಗಡಿಯಾರವನ್ನು ಇಲ್ಲಿನ ಹೊತ್ತಿಗೇ ತಿರುಗಿಸಿಬಿಟ್ಟೆ.

ದೊಡ್ಡಮ್ಮ


ಮಾಂಗ್ ಕೊಲ್ಲಿ
ಡಿಸೆಂಬರ್ ೨೦, ೧೯೮೮

ದೊಡ್ಡಮ್ಮ,

ಸರಿ, ಕೇಳು.

ಊಟದ ದಿನ ಬೆಳಗ್ಗೆ ರೇಡಿಯೋದಲ್ಲಿ ನಾನೇ ಪ್ರಕಟಣೆ ಕೊಟ್ಟೆ. "ಹಿರಿಯರೆಲ್ಲ ಇವತ್ತು ಊಟಕ್ಕೆ ಬನ್ನಿ, ನಿಸೊ-ದಿಬಇಗನ್" ಅಂತ ಹೆಮ್ಮೆಯಿಂದ ನಾಲ್ಕು ಸಲ ಹೇಳಿದೆ. ಬಾಲವಿಲ್ಲ! ಮೂರು ಗಂಟೆಗೆ ಸಭಾಭವನದಲ್ಲಿ ಸೂಪು ಕುದಿಯುತ್ತಿದೆ, ಆಲ್ಫಿಯ ಗುಂಪೇ ಇಲ್ಲ. ಹೊರಗಿನಿಂದ ಬಂದಿದ್ದ ಅತಿಥಿಗಳ ಮುಂದೆ ಡ್ವೈಟ್ ಖಾಲಿ ಕುರ್ಚಿಗಳನ್ನು ನೋಡಿಕೊಂಡು ನಿಂತ. ಹೊತ್ತು ಇಳಿಯುತ್ತಿದೆ. ಕೊನೆಗೆ ಮಂಜು ಅಗೆಯುವ ಗಾಡಿಯವನು ಬಂದು, "ಮೂರು ಗಂಟೆ ಬಂಡೆ ಮೇಲೆ ನಾಲ್ಕು ಜನ ಕಂಬಳಿ ಹೊದ್ಕೊಂಡು ಕೂತವ್ರೆ, ಊಟ ಎಲ್ಲಿ ಅಂತ ಕೇಳ್ತವ್ರೆ" ಅಂದ.

ನಮ್ಮ ಮೇಪಲ್ ಸಕ್ಕರೆ ತೋಪಿನ ದಾರಿಯ ಬಂಡೆ! ಸೂಪಿನ ಪಾತ್ರೆ ಕಾರಿನಲ್ಲಿಟ್ಟುಕೊಂಡು ಓಡಿದೆ. ಆಲ್ಫಿ, ವರ್ನಾ, ಇನ್ನಿಬ್ಬರು ಸಾಲಾಗಿ ಕೂತಿದ್ದರು, ಮೂಗೆಲ್ಲ ಕೆಂಪು.

"ಏನ್ ಮಾಮ ಇದು?" ಅಂದೆ.

"ನೀನೇ ಕರೆದ್ಯಲ್ಲಮ್ಮ. ಮೂರು ಮೈಲಿ ಅಂದೆ. ಗಾಡಿ ಮೀಟರು ನೋಡ್ಕೊಂಡೇ ಬಂದ್ವಿ."

"ಗಂಟೆ ಅಂತ ಗೊತ್ತಿರ್ಲಿಲ್ವಾ ನಿಮ್ಗೆ?"

"ಎಕ್ ಅನ್ಲಿಲ್ವಲ್ಲ ನೀನು! ಎಕ್ ಅಂದಿದ್ರೆ ಗಂಟೆ" ಅಂತ ವರ್ನಾ ಅತ್ತೆ ಮಧ್ಯೆ ಬಾಯಿ ಹಾಕಿದಳು. ಆಲ್ಫಿ ಮಾಮ ಅವಳ ಮೊಣಕೈಗೆ ತಿವಿದರು.

ನಾನು ಕೇಳಿಯೇ ಬಿಟ್ಟೆ: "ಮರ್ತವರಿಗೆ ಎಕ್ ಹೇಗೆ ನೆನಪಿದೆ?"

ಆಲ್ಫಿ ಮಾಮ ಸೂಪಿನ ಬಟ್ಟಲಿನೊಳಗೆ ಮುಖ ಹುದುಗಿಸಿ, "ಸೂಪು ಆರಿದೆ" ಅಂದರು.

ನನಗೆ ನಗು ಬಂತು. ಆದರೆ ಡ್ವೈಟ್‌ಗೆ ನಗು ಬರಲಿಲ್ಲ. "ಗೇಲಿ ಮಾಡೋಕೆ ಬಂದ್ರು, ಕೇಳೋಕೆ ಅಲ್ಲ. ಯಾರಿಗೂ ಬೇಡವಾದದ್ದನ್ನ ನಾವು ಯಾಕೆ ಎಳ್ಕೊಂಡು ಹೋಗೋದು?" ಅಂದ. ಟೇಪ್ ಬಂದಿದೆ. ಹೊಸ ವರ್ಷದ ಮೊದಲ ಬುಧವಾರ ಬೆಳಗ್ಗೆ ಎಂಟಕ್ಕೆ ಶುರು. ಅದರ ಹಿಂದಿನ ಸಂಜೆ ಅರ್ಧ ಗಂಟೆ ನನಗೆ ಬಿಟ್ಟುಕೊಟ್ಟಿದ್ದಾನೆ, "ವಿದಾಯ ಹೇಳ್ಕೋ" ಅಂತ. ಏನು ಹೇಳಲಿ ಅಂತ ತಿಳಿಯುತ್ತಿಲ್ಲ.

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ. ಹಿಂದಿನ ಕಾಗದದಲ್ಲಿ ನೀನು "ನಿಶ್ನಾಬೆಗಳು" ಅಂತ ಬರೆದಿದ್ದೀ. ನಾವು "ಅನಿಶಿನಾಬೆ" ಅಲ್ಲವೇ? ಮೊದಲ ಅಕ್ಷರ ಯಾವಾಗ ನುಂಗಿದೆ? ಕೈಗಡಿಯಾರವನ್ನೂ ತಿರುಗಿಸಿದೆಯಂತೆ. ನೀನು ಬರುವ ತನಕ ಕುರ್ಚಿ ಬಿಸಿಯಾಗಿಟ್ಟಿರೋಣ ಅಂತ ನಾನಿಲ್ಲಿ ಊರಿನ ಬಾಯಿಗೆ ಬೀಳುತ್ತಿದ್ದೇನೆ. ಬರುವುದಿಲ್ಲವಾದರೆ ಅದನ್ನಾದರೂ ಹೇಳಿಬಿಡು.

ಲವೋನ್


ಸೂ
ಚಿಕ್ಕ ದೇವರ ತಿಂಗಳು, ಕ್ರಿಸ್‌ಮಸ್ ಮರುದಿನ

ಮಗಳೇ,

ಹಿಮ ಬಿದ್ದಿದೆ. ಕಪ್ಪೆಗಳೆಲ್ಲ ಮಲಗಿವೆ. ಅಜ್ಜಿಯ ಕಥೆ ಮುಗಿಸುತ್ತೇನೆ.

ಏಜೆಂಟ್ ಅಜ್ಜನಿಗೆ ನಮ್ಮ ಮಾತಿನಲ್ಲಿ ಅಂದದ್ದು ಏನು ಗೊತ್ತೇ? "ನಿಸೊ-ದಿಬಇಗನ್ ಬಾ." ಅವನಿಗೂ ಬಾಲ ಗೊತ್ತಿರಲಿಲ್ಲ! ಅಜ್ಜ ಮೂರು ಮೈಲಿ ಅಂದುಕೊಂಡ. ಹಿಟ್ಟಿನ ಗಾಡಿ ಆ ದಾರಿಯಲ್ಲಿ ಬರುತ್ತದೇನೋ ಅಂತ ನಡೆದು, ಅಳತೆ ಮುಗಿದಲ್ಲಿ ಒಂದು ಬಂಡೆ ಕಂಡಿತು, ಕೂತ. ಇತ್ತ ಊರವರೆಲ್ಲ ಹಿಟ್ಟು ತೆಗೆದುಕೊಂಡು ಮನೆ ಸೇರಿದರು. ಅಜ್ಜ ಕೂತೇ ಇದ್ದ. ಹಸಿವಾಯಿತು. ತಲೆಯ ಮೇಲೆ ಮುರಿದ ಕೊಂಬೆಯ ತುದಿಯಲ್ಲಿ ಮಂಜುಗಡ್ಡೆಯ ಕಡ್ಡಿ ತೂಗುತ್ತಿತ್ತು. ಬಾಯಾರಿ ಅದನ್ನೇ ಮುರಿದು ಚೀಪಿದ. ಸಿಹಿ! ಎದ್ದು ನೋಡಿದರೆ ಸುತ್ತ ಎಲ್ಲ ಸಕ್ಕರೆ ಮೇಪಲ್ ಮರಗಳು, ರಸಕ್ಕಾಗಿ ಯಾರೂ ಇನ್ನೂ ಗಾಯ ಮಾಡದವು.

"ಹಿಟ್ಟೆಲ್ಲಿ?" ಅಂದಳಂತೆ ಅಜ್ಜಿ.

"ಬಾಯಿ ತೆಗಿ" ಅಂದನಂತೆ ಅಜ್ಜ. ಚೀಲದಿಂದ ಒಂದು ಮಂಜಿನ ಕಡ್ಡಿ ತೆಗೆದು ಅವಳ ಬಾಯಿಗಿಟ್ಟ. ಆ ರಾತ್ರಿ ಬೈಯುವುದಕ್ಕೆ ಅವಳ ಬಾಯಿ ಖಾಲಿ ಇರಲಿಲ್ಲ.

ನಾವು ವರ್ಷಾ ವರ್ಷಾ ರಸ ಇಳಿಸಿ ಸಕ್ಕರೆ ಕಾಯಿಸುವ ತೋಪು ಅದೇ. ಬಂಡೆಗೆ ಮೂರು ಗಂಟೆ ಬಂಡೆ ಅಂತ ಹೆಸರಿಟ್ಟವಳು ಅಜ್ಜಿ, ಏಜೆಂಟನನ್ನು ಆಡಿಕೊಳ್ಳುವುದಕ್ಕೆ. ಅವನೇ ನಮ್ಮ ಸಕ್ಕರೆಯ ಮೊದಲ ಗಿರಾಕಿ ಆದದ್ದು ಬೇರೆ ಮಾತು.

ಆಲ್ಫಿ ಮೈಲಿ ಎಣಿಸಿಕೊಂಡು ಹೋಗಿ ಆ ಬಂಡೆಯ ಮೇಲೇ ಕೂತ ಅಂದರೆ ಗೇಲಿ ಅಲ್ಲ ಮಗಳೇ. ಅರ್ಥವಾಗದವರು ಗೇಲಿ ಮಾಡುವುದು ಹೀಗಲ್ಲ. ಡ್ವೈಟ್‌ಗೆ ಅದು ತಿಳಿಯುವುದಿಲ್ಲ, ಪಾಪ, ಅವನಮ್ಮ ನಾಯಿಯ ಹತ್ತಿರವೂ ಆಡಲಿಲ್ಲವೇನೋ.

ನೀನು ಕೇಳಿದ ಇನ್ನೊಂದಕ್ಕೆ ನಾನು ಉತ್ತರ ಬರೆದಿಲ್ಲ. ಕೋಪಿಸಿಕೊಳ್ಳಬೇಡ. ಎಪ್ಪತ್ತು ವರ್ಷದವಳು ಕಾಗದದಲ್ಲಿ ಬರೆಯುವಂಥ ವಿಷಯವಲ್ಲ ಅದು. ಹ್ಯೂಬರ್ಟ್‌ಗೆ ಮಂಡಿ ಸರಿಯಾಗಿದೆ. ಸಕ್ಕರೆ ಕಾಯಿಸುವುದು ಬರುತ್ತದಂತೆ. ಬರುತ್ತದೋ ಬೊಗಳೆಯೋ ನೋಡಬೇಕು.

ದೊಡ್ಡಮ್ಮ


ಮಾಂಗ್ ಕೊಲ್ಲಿ
ದೊಡ್ಡ ದೇವರ ತಿಂಗಳು, ೧೯೮೯

ದೊಡ್ಡಮ್ಮ,

ಮಂಗಳವಾರ ಸಂಜೆ ನಾನು ವಿದಾಯ ಹೇಳಲಿಲ್ಲ. ಕಥೆ ಹೇಳಿದೆ. "ಈ ಕಥೆಯನ್ನು ಮೊದಲು ಹೇಳಿದವಳು ಮದ್ಲೀನ್, ಹಿಮ ಬಾಗಿಲಿಗೆ ಅಡ್ಡ ಮಲಗಿದ ಒಂದು ಮಧ್ಯಾಹ್ನ" ಅಂತಲೇ ಶುರು ಮಾಡಿದೆ. ಏಜೆಂಟ್, ಚೀಲ, ಬಂಡೆ, ಮಂಜಿನ ಕಡ್ಡಿ, ಎಲ್ಲ ಹೇಳಿದೆ. ಬಾಲ ಮರೆತ ಎರಡನೆಯವಳು ನಾನು ಅಂತಲೂ ಹೇಳಿದೆ. ಕೊನೆಗೆ, "ನಾಳೆ ಬೆಳಗ್ಗೆ ಎಂಟರಿಂದ ಯಂತ್ರ ಹೊತ್ತು ಹೇಳುತ್ತದೆ. ಅದನ್ನು ಕೇಳಿದರೆ ಅದು ಹೇಳುವುದಿಲ್ಲ, ತನ್ನ ಪಾಡಿಗೆ ಹೇಳಿಕೊಳ್ಳುತ್ತದೆ" ಅಂದು ಮೈಕ್ ಆರಿಸಿದೆ. ಒಂದೂ ಫೋನ್ ಬರಲಿಲ್ಲ. ಮನೆಗೆ ಹೋಗಿ ಅತ್ತು ಮಲಗಿದೆ.

ಬೆಳಗ್ಗೆ ಡ್ವೈಟ್ ನನಗಿಂತ ಮುಂಚೆ ಬಂದು ಟೇಪ್ ಯಂತ್ರದ ಮುಂದೆ ಕೂತಿದ್ದ. ಎಂಟು ಹೊಡೆಯುವುದಕ್ಕೆ ಇನ್ನೂ ಕೊಂಚ ಇತ್ತು. ಫೋನ್ ಹೊಡೆದುಕೊಂಡಿತು. ಅವನೇ ಎತ್ತಿದ, ಕೇಳಿಸಿಕೊಂಡ, ಮುಖ ಸಪ್ಪೆ ಮಾಡಿ ನನ್ನ ಕೈಗೆ ಕೊಟ್ಟ. "ನಂಗೆ ಅರ್ಥ ಆಗ್ತಿಲ್ಲ, ನೀನೇ ನೋಡು."

"ಆನೀನ್ ಎಂದಸೊ-ದಿಬಇಗನೆಕ್?"

ಆಲ್ಫಿ ಮಾಮ. ಎಷ್ಟು ವರ್ಷದ ಮೇಲೆ ಆ ಮಾತು ಆ ಬಾಯಿಂದ ಬಂತೋ. ಎಕ್ ಮಾತ್ರ ಕೊಡಲಿಯಿಂದ ಕಡಿದ ಹಾಗೆ ಸ್ಪಷ್ಟ. ನಾನು ಮೈಕ್ ಹಾಕಿ, ಊರಿಗೆಲ್ಲ ಕೇಳುವ ಹಾಗೆ, "ನಿಶ್ವಾಸೊ-ದಿಬಇಗನೆಕ್" ಅಂದೆ. ಎಂಟಾಯಿತು. ಫೋನಿಡುವಷ್ಟರಲ್ಲಿ ಮತ್ತೆ ಹೊಡೆದುಕೊಂಡಿತು. ವರ್ನಾ ಅತ್ತೆ. ಅವರಿಬ್ಬರದೂ ಒಂದೇ ಮನೆ, ಒಂದೇ ಫೋನು! ಮಾಮನ ಕೈಯಿಂದ ಕಿತ್ತುಕೊಂಡಿರಬೇಕು. ಆಮೇಲೆ ಅಂಚೆ ಮನೆಯವಳು. ಆಮೇಲೆ ಮಂಜು ಅಗೆಯುವವನು, ಅವನಿಗೆ ಪ್ರಶ್ನೆ ಪೂರ್ತಿ ಬರಲಿಲ್ಲ, ಹಿಂದಿನಿಂದ ಅವನಜ್ಜಿ ಹೇಳಿಕೊಡುವುದು ಕೇಳುತ್ತಿತ್ತು. ಹೊತ್ತು ನೆತ್ತಿಗೆ ಬರುವ ತನಕ ಬಿಡುವಿಲ್ಲ. ಪ್ರತಿ ಮನೆಯಲ್ಲೂ ಗೋಡೆಗೊಂದು ಗಡಿಯಾರವಿದೆ, ಆದರೂ ಪ್ರತಿ ಮನೆಯವರೂ ಕೇಳಿದರು. ಟೇಪ್ ಹಾಕುವುದಕ್ಕೆ ಡ್ವೈಟ್‌ಗೆ ಸಂದು ಸಿಗಲೇ ಇಲ್ಲ. ಮಧ್ಯಾಹ್ನ ಅದನ್ನು ಪೆಟ್ಟಿಗೆಗೆ ಹಾಕಿ, "ಆ ಕೊನೇ ಅಕ್ಷರ ಏನಂದೆ? ಎಗ್ಗೋ ಎಕ್ಕೋ?" ಅಂತ ಕೇಳಿದ.

ಒಂಬತ್ತಕ್ಕೆ ಮುಂಚೆ ಬಂದ ಒಂದು ಕರೆಯ ವಿಷಯ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಫೋನು ಆಗಿಬರುವುದಿಲ್ಲ ಅಂದವಳಿಗೆ ನೆನಪಿರಲಿ ಅಂತ. ಮೊದಲು ಗಂಡು ದನಿ, ಅರ್ಧ ಅಕ್ಷರ ನುಂಗಿಕೊಂಡು ಏನೋ ಅಂದಿತು. ಹಿಂದಿನಿಂದ, "ಕೊಡೋ ಇಲ್ಲಿ, ನೀನು ಕೇಳಿದ್ರೆ ಅವಳಿಗೆ ನಾಳೆ ಅರ್ಥ ಆಗುತ್ತೆ" ಅಂತ ನಿನ್ನ ಬೈಗುಳ. ಆಮೇಲೆ ನೀನೇ ಕೇಳಿದೆ, ಒಂದೂ ಅಕ್ಷರ ನುಂಗದೆ. ನಾನು ಗೋಡೆ ನೋಡಿ, ಕಿಟಕಿ ನೋಡಿ, ಎಂಟೂವರೆ ಅಂದೆ.

"ಇಲ್ಲಿ ಒಂಬತ್ತೂವರೆ" ಅಂತೀಯೇನೋ ಅಂತ ಕಾದೆ. ಕಿರ್ ಕಿರ್ ಅಂತ ಸಣ್ಣ ಸದ್ದು, ಕೈಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸುವುದು. ಆಮೇಲೆ ಆ ಗಂಡು ದನಿ ದೂರದಿಂದ, "ನಂದೂ ತಿರುಗ್ಸು" ಅಂದಿತು.

ಲವೋನ್